ಡಾರ್ವಿನ್ ಬರೆದ ಎರಡು ಶಿಶುಚರಿತೆ

ವಿಕಾಸವಾದಿ ಚಾರ್ಲ್ಸ್ ಡಾರ್ವಿನ್ ಅವರಿಗಿಂತ ತಂದೆ ಡಾರ್ವಿನ್ ನನಗೆ ಹೆಚ್ಚು ಆಪ್ತರು. 1839ರ ಡಿಸೆಂಬರಿನಲ್ಲಿ ಹಿರಿಯ ಮಗ ವಿಲಿಯಂ ಹುಟ್ಟಿದೊಡನೆ ಅವರು ಟಿಪ್ಪಣಿ ಪುಸ್ತಕ ಹಿಡಿದರು. ಏಳನೆಯ ದಿನ ಅಂಗಾಲಿಗೆ ಕಾಗದ ತಾಗಿಸಿದರೆ ಮಗು ಕಾಲೆಳೆದುಕೊಂಡದ್ದು, 45ನೆಯ ದಿನದ ಮೊದಲ ನಗು, ನಾಲ್ಕೂವರೆ ತಿಂಗಳಿಗೆ ಕನ್ನಡಿಯ ಬಿಂಬ ಕಂಡು ನಕ್ಕದ್ದು, ವರ್ಷ ತುಂಬಿದಾಗ ಆಹಾರಕ್ಕೊಂದು ಹೆಸರನ್ನು ತಾನೇ ಕಟ್ಟಿಕೊಂಡದ್ದು, ಎಲ್ಲವೂ ದಾಖಲಾದವು. (ನಮ್ಮಲ್ಲಿ ಇದು ಅಜ್ಜಿಯರ ಇಲಾಖೆ!) 1877ರಲ್ಲಿ ‘ಮೈಂಡ್’ ಪತ್ರಿಕೆಯಲ್ಲಿ ಅಚ್ಚಾದ ಆ ಬರಹವನ್ನು ಶಿಶುವಿಕಾಸದ ಅಧ್ಯಯನಕಾರರು ಇಂದಿಗೂ ನೆನೆಯುತ್ತಾರೆ.

ಕೊನೆಯ ಮಗ ಚಾರ್ಲ್ಸ್ ವಾರಿಂಗ್ ಹುಟ್ಟಿದ್ದು 1856ರ ಡಿಸೆಂಬರಿನಲ್ಲಿ. ಒಂದೂವರೆ ವರ್ಷವಾದರೂ ಅವನಿಗೆ ನಡಿಗೆ ಬರಲಿಲ್ಲ, ಮಾತು ಬರಲಿಲ್ಲ. 1858ರ ಜೂನ್ 28ರಂದು ಸ್ಕಾರ್ಲೆಟ್ ಜ್ವರಕ್ಕೆ ಬಲಿಯಾದ. ಮೂರು ದಿನಗಳ ಬಳಿಕ ಲಂಡನ್ನಿನ ಲಿನಿಯನ್ ಸೊಸೈಟಿಯಲ್ಲಿ ನೈಸರ್ಗಿಕ ಆಯ್ಕೆಯ ಸಿದ್ಧಾಂತ ಮೊದಲ ಬಾರಿಗೆ ಮಂಡನೆಯಾದಾಗ ಡಾರ್ವಿನ್ ಅಲ್ಲಿರಲಿಲ್ಲ.

ಆ ಮಗುವನ್ನು ಕುರಿತೂ ಅವರು ಪುಟ್ಟ ಸ್ಮರಣೆಯೊಂದನ್ನು ಬರೆದಿಟ್ಟರು. ಮಗು ಯಾವ ತಿಂಗಳಿಗೆ ಕೂರಬೇಕು, ಯಾವಾಗ ನುಡಿಯಬೇಕು ಎಂಬ ಪಟ್ಟಿ ಹಿಡಿದು ಕಳವಳಪಡುವ ಇಂದಿನ ಹೆತ್ತವರಿಗೆ ನಾನು ಓದಲು ಕೊಡುವುದು ಇದನ್ನೇ. ನಡಿಗೆ ಮಾತುಗಳಲ್ಲಿ ಮಗು ಹಿಂದುಳಿದಿದ್ದುದನ್ನು ಡಾರ್ವಿನ್ ಮರೆಮಾಚಲಿಲ್ಲ. ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಸಾಗಿದರು. ಉಳಿದುದೆಲ್ಲ ಅವನ ಸೌಮ್ಯ ಸ್ವಭಾವ, ತುಂಟ ನಗು, ತಂದೆಯ ತೊಡೆಯ ಮೇಲೆ ಬಹಳ ಹೊತ್ತು ಮಲಗಿ ಅವರ ಮುಖವನ್ನೇ ನೋಡುತ್ತಿದ್ದ ಬಗೆ.