ಗಾಳಿಯ ಜಮಾ-ಖರ್ಚು ಬರೆದ ಅರ್ಹೇನಿಯಸ್

ಬೀದರ್, ಭಾಲ್ಕಿ, ಔರಾದ್ ಕಡೆಯ ರೈತ ಬಾಂಧವರೇ, ಜಮಾ-ಖರ್ಚು ನಿಮಗೆ ಹೊಸದಲ್ಲ. ತೊಗರಿ, ಸೋಯಾ ಮಾರಿ ಬಂದದ್ದೆಷ್ಟು, ಬೀಜ-ಗೊಬ್ಬರಕ್ಕೆ ಹೋದದ್ದೆಷ್ಟು, ಸಂಘದ ಬಾಕಿ ಎಷ್ಟು ಎಂಬುದು ನಿಮಗೆ ಬಾಯಿಪಾಠ. ನಾವು ಉಸಿರಾಡುವ ಗಾಳಿಗೂ ಇಂಥದೇ ಒಂದು ಖಾತೆ ಉಂಟು. ಆದರೆ ಆ ಖಾತೆಯಲ್ಲಿ ಉಳಿಕೆ ಬೆಳೆದರೆ ಲಾಭವಲ್ಲ, ಭೂಮಿ ಕಾವೇರುತ್ತದೆ. ಎಷ್ಟು ಉಳಿಕೆಗೆ ಎಷ್ಟು ಕಾವು ಎಂಬುದನ್ನು ಮೊದಲು ಅಂಕಿ ಹಾಕಿ ತೋರಿಸಿದವರು ಸ್ವೀಡನ್ ದೇಶದ ಸ್ವಾಂಟೆ ಅರ್ಹೇನಿಯಸ್. ಅವರ ಬಾಳಿನ ಕಥೆ ರೈತರೂ ತಿಳಿದಿರಬೇಕಾದದ್ದು.

ತಂದೆಯ ಲೆಕ್ಕದ ಪುಸ್ತಕ

ಅರ್ಹೇನಿಯಸ್ ಹುಟ್ಟಿದ್ದು 1859ರ ಫೆಬ್ರವರಿ 19ರಂದು, ಉಪ್ಸಾಲ ಪಟ್ಟಣದ ಬಳಿಯ ವೀಕ್ ಎಂಬಲ್ಲಿ. ತಂದೆ ಭೂಮಿಯ ಮೋಜಣಿ ಮಾಡುವವರು. ಉಪ್ಸಾಲ ವಿಶ್ವವಿದ್ಯಾಲಯದ ಜಮೀನುಗಳ ಉಸ್ತುವಾರಿಯೂ ಅವರದೇ. ಮೂರನೇ ವಯಸ್ಸಿಗೇ ಓದಲು ಕಲಿತ ಬಾಲಕ, ತಂದೆ ಲೆಕ್ಕದ ಪುಸ್ತಕದಲ್ಲಿ ಅಂಕಿ ಕೂಡಿಸುವುದನ್ನು ನೋಡಿ ನೋಡಿಯೇ ಗಣಿತ ಕಲಿತನಂತೆ.

ಉಪ್ಪು ನೀರಿನಲ್ಲಿ ಕರಗಿದಾಗ ವಿದ್ಯುತ್ತನ್ನು ಹೊರುವ ಕಣಗಳಾಗಿ ಒಡೆಯುತ್ತದೆ ಎಂಬುದು ಅವರ ಮೊದಲ ದೊಡ್ಡ ವಿಚಾರ. 1884ರಲ್ಲಿ ಇದನ್ನು ಆಧರಿಸಿ ಡಾಕ್ಟರೇಟ್ ಪ್ರಬಂಧ ಬರೆದಾಗ ಉಪ್ಸಾಲದ ಪಂಡಿತರು ಮೆಚ್ಚಲಿಲ್ಲ. ನಾಲ್ಕನೇ ದರ್ಜೆ ಕೊಟ್ಟು ಕೈ ತೊಳೆದುಕೊಂಡರು. ಅರ್ಹೇನಿಯಸ್ ಎದೆಗುಂದದೆ ಪ್ರಬಂಧವನ್ನು ಹೊರದೇಶದ ವಿದ್ವಾಂಸರಿಗೆ ಕಳುಹಿಸಿದರು. ಹೆಸರಾಂತ ವಿಜ್ಞಾನಿ ಓಸ್ಟ್‌ವಾಲ್ಡ್ ತಾವೇ ಉಪ್ಸಾಲಕ್ಕೆ ಬಂದು ಈ ತರುಣನನ್ನು ಕಂಡರು. ಅದೇ ವಿಚಾರಕ್ಕೆ 1903ರಲ್ಲಿ ನೊಬೆಲ್ ಬಹುಮಾನ ಬಂತು. ಇಂದು ನಿಮ್ಮ ಹೊಲದ ಮಣ್ಣು ಪರೀಕ್ಷೆಗೆ ಹೋದಾಗ, ಮಣ್ಣು ಕದಡಿದ ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂದು ನೋಡಿ ಸವುಳಿನ ಪ್ರಮಾಣ ಹೇಳುತ್ತಾರಲ್ಲ, ಅದರ ಬುಡದಲ್ಲಿರುವುದು ಈ ತತ್ವವೇ.

ಕೈಬರಹದ ಮಹಾಲೆಕ್ಕ

ಒಂದು ಕಾಲಕ್ಕೆ ಉತ್ತರ ಯೂರೋಪೆಲ್ಲ ಹಿಮದಡಿ ಹೂತಿತ್ತು. ಆ ಚಳಿ ಏಕೆ ಬಂತು, ಏಕೆ ಹೋಯಿತು ಎಂಬ ಪ್ರಶ್ನೆ ಅರ್ಹೇನಿಯಸ್ ಅವರನ್ನು ಕಾಡಿತು. ಚಳಿಗಾಲದಲ್ಲಿ ಮೋಡ ಕವಿದ ರಾತ್ರಿ ಬೆಚ್ಚಗಿರುತ್ತದೆ, ಬಾನು ತಿಳಿಯಾದ ರಾತ್ರಿ ಚಳಿ ಕೊರೆಯುತ್ತದೆ ಎಂಬುದನ್ನು ನೀವು ಬಲ್ಲಿರಿ. ಮೋಡ ಕಂಬಳಿಯಂತೆ ನೆಲದ ಕಾವನ್ನು ತಡೆಯುತ್ತದೆ. ಕಣ್ಣಿಗೆ ಕಾಣದ ಕೆಲವು ಅನಿಲಗಳೂ ಹೀಗೆಯೇ ಕಾವು ಹಿಡಿಯುತ್ತವೆ ಎಂದು ಲಂಡನ್ನಿನಲ್ಲಿ ಜಾನ್ ಟಿಂಡಾಲ್ 1859ರಲ್ಲಿಯೇ ಅಳೆದು ತೋರಿಸಿದ್ದರು. ಇಂಗಾಲಾಮ್ಲ ವಾಯು, ಅಂದರೆ ಈಗ ಶಾಲೆಯ ಮಕ್ಕಳು ಕಾರ್ಬನ್ ಡೈ ಆಕ್ಸೈಡ್ ಎಂದು ಓದುವ ಅನಿಲ, ಅವುಗಳಲ್ಲಿ ಒಂದು.

1894ರ ಡಿಸೆಂಬರ್ 24ರಂದು ಅರ್ಹೇನಿಯಸ್ ಲೆಕ್ಕಕ್ಕೆ ಕುಳಿತರು. ಭೂಮಿಯನ್ನು ಅಡ್ಡಪಟ್ಟಿಗಳಾಗಿ ಭಾಗಿಸಿ, ಒಂದೊಂದು ಪಟ್ಟಿಗೂ ವರ್ಷದ ನಾಲ್ಕು ಕಾಲಗಳಿಗೆ ಬೇರೆ ಬೇರೆ ಲೆಕ್ಕ ಹಾಕಿದರು. ಯಂತ್ರದ ನೆರವಿಲ್ಲದೆ ಸುಮಾರು ಒಂದು ವರ್ಷ ಕಾಲ ಕಾಗದ-ಪೆನ್ಸಿಲ್ಲೇ ಗತಿ. ಆ ದಿನಗಳಲ್ಲೇ ಸಂಸಾರ ಮುರಿದು, ಪತ್ನಿ ಎಳೆ ಮಗುವಿನೊಂದಿಗೆ ದೂರವಾದರು. ಆ ಮಗು ಓಲೋಫ್ ಮುಂದೆ ಮಣ್ಣಿನ ವಿಜ್ಞಾನಿಯಾಗಿ ಹೆಸರು ಮಾಡಿದರು.

1896ರಲ್ಲಿ ಉತ್ತರ ಪ್ರಕಟವಾಯಿತು. ಗಾಳಿಯಲ್ಲಿ ಇಂಗಾಲಾಮ್ಲ ಇಮ್ಮಡಿಯಾದರೆ ಭೂಮಿಯ ಕಾವು 5ರಿಂದ 6 ಡಿಗ್ರಿ ಸೆಲ್ಸಿಯಸ್ ಏರುತ್ತದೆ ಎಂದು ಅವರು ಕಂಡುಕೊಂಡರು. ಇಂದಿನ ಗಣಕಯಂತ್ರಗಳ ಲೆಕ್ಕದಲ್ಲಿ ಅದು ಸುಮಾರು 3 ಡಿಗ್ರಿ. ಅಂಕಿ ತುಸು ಹೆಚ್ಚಾಯಿತೇ ಹೊರತು ದಾರಿ ತಪ್ಪಿರಲಿಲ್ಲ.

ಬರುವುದೆಲ್ಲಿಂದ, ಹೋಗುವುದೆಲ್ಲಿಗೆ?

ಜಮಾ-ಖರ್ಚಿನ ಅಂಕಿಗಳನ್ನು ಒದಗಿಸಿದವರು ಗೆಳೆಯ ಅರ್ವಿಡ್ ಹೊಗ್ಬೊಮ್. ಜ್ವಾಲಾಮುಖಿ, ಕಲ್ಲಿದ್ದಲಿನ ಹೊಗೆ ಇವು ಜಮಾ. ಸಮುದ್ರ, ಸಸ್ಯ, ಸವೆಯುವ ಬಂಡೆ ಇವು ಖರ್ಚು. ಬಂಡೆ ಹೇಗೆ ಎನ್ನುವಿರಾ? ಬೀದರ್ ಕೋಟೆಯ ಕೆಂಪು ಜಂಬಿಟ್ಟಿಗೆಯನ್ನೂ ಔರಾದಿನ ಎರೆಮಣ್ಣನ್ನೂ ನೋಡಿ. ಎರಡೂ ಲಾವಾರಸದ ಕರಿಕಲ್ಲು ಯುಗಯುಗಗಳ ಕಾಲ ಸವೆದು ಆದವು. ಮಳೆನೀರಿನಲ್ಲಿ ಕರಗಿದ ಇಂಗಾಲಾಮ್ಲ ಕಲ್ಲನ್ನು ತಿಂದು, ಕೊನೆಗೆ ಸುಣ್ಣವಾಗಿ ಕೂತುಬಿಡುತ್ತದೆ. ಆದರೆ ಈ ಕೆಲಸ ಬಹಳ ನಿಧಾನ.

ಆಗ ಜಗತ್ತು ವರ್ಷಕ್ಕೆ ಸುಡುತ್ತಿದ್ದ ಕಲ್ಲಿದ್ದಲು ಸುಮಾರು 50 ಕೋಟಿ ಟನ್. ಈಗ 800 ಕೋಟಿ ಟನ್ನಿಗೂ ಮೇಲು. ಈ ಏರಿಕೆಯನ್ನು ಅರ್ಹೇನಿಯಸ್ ಊಹಿಸಲಿಲ್ಲ. ಗಾಳಿ ಗಣನೀಯವಾಗಿ ಬದಲಾಗಲು ಸಾವಿರಾರು ವರ್ಷ ಬೇಕೆಂದೇ ಮೊದಲು ಎಣಿಸಿದರು. ಚಳಿದೇಶದವರಾದ್ದರಿಂದ ಕಾವೇರಿದರೆ ಬೆಳೆ ಚೆನ್ನಾಗಿ ಬಂದೀತು ಎಂದೂ ಆಶಿಸಿದರು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಗೆ ಆ ಆಶೆ ಹೊಂದುವುದಿಲ್ಲ. 1927ರ ಅಕ್ಟೋಬರ್ 2ರಂದು ಅವರು ತೀರಿಕೊಂಡರು. ಅವರ ಲೆಕ್ಕದ ಕಾಲಕ್ಕೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 295 ಪಾಲು ಇದ್ದ ಇಂಗಾಲಾಮ್ಲ, 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿ ದ್ವೀಪದ ಬೆಟ್ಟದ ಮೇಲೆ ಅಳೆಯತೊಡಗಿದಾಗ 315ರ ಹತ್ತಿರವಿತ್ತು. 2024ರಲ್ಲಿ 420 ದಾಟಿತ್ತು.

ನಮ್ಮ ಲೆಕ್ಕ ನಾವೇ ಇಡಬೇಕು

ಲೆಕ್ಕವೆಂದರೆ ಅಳತೆ, ಅಂದಾಜು ಸಾಲದು. 1990ರ ಸುಮಾರಿಗೆ ಭಾರತದ ಭತ್ತದ ಗದ್ದೆಗಳಿಂದ ವರ್ಷಕ್ಕೆ 380 ಲಕ್ಷ ಟನ್ನಿನಷ್ಟು ಮೀಥೇನ್ ಹೊರಡುತ್ತದೆ ಎಂದು ಅಮೆರಿಕದಿಂದ ಅಂದಾಜು ಬಂತು. ಮೀಥೇನ್ ಎಂದರೆ ಗೋಬರ್ ಗ್ಯಾಸ್‌ನಲ್ಲಿ ಉರಿಯುವ ಅನಿಲ. ಅದೂ ಕಾವು ಹಿಡಿಯುವಂಥದೇ. ಹೊರದೇಶದ ಗದ್ದೆಗಳ ಅಂಕಿಯನ್ನು ನಮ್ಮ ಗದ್ದೆಗಳಿಗೆ ಹಚ್ಚಿದ್ದರು. 1991ರಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎ.ಪಿ. ಮಿತ್ರ ಅವರ ಮುಂದಾಳತನದಲ್ಲಿ ವಿಜ್ಞಾನಿಗಳು ಗದ್ದೆಗಿಳಿದು ಅಳೆದಾಗ ಸಿಕ್ಕಿದ್ದು ಸುಮಾರು 40 ಲಕ್ಷ ಟನ್ ಮಾತ್ರ. ಅಳೆಯದೇ ಹೋಗಿದ್ದರೆ ದೊಡ್ಡ ತಪ್ಪು ನಮ್ಮ ರೈತರ ತಲೆಗೇ ಬರುತ್ತಿತ್ತು. ದನಗಳ ಮಾತೂ ಹೀಗೆಯೇ. ಯೂರೋಪಿನ ಹಸುವಿನ ಅಂಕಿಯನ್ನು ನಮ್ಮ ದೇವಣಿ ಎತ್ತಿಗೆ ಹಚ್ಚಲಾಗದು.

ಇನ್ನು ನಿಮ್ಮ ಹೊಲದ ಪಾಲು. ಬೆಳೆ ಗಾಳಿಯಿಂದ ಹೀರಿದ ಇಂಗಾಲದಲ್ಲಿ ಒಂದಂಶ ಬೇರು, ಸೊಪ್ಪು, ತಿಪ್ಪೆಗೊಬ್ಬರದ ಮೂಲಕ ಮಣ್ಣಿನಲ್ಲಿ ಉಳಿಯುತ್ತದೆ. ಕಬ್ಬಿನ ರವದಿಗೆ ಬೆಂಕಿ ಹಚ್ಚಿದರೆ ಅದು ಆ ದಿನವೇ ಗಾಳಿಗೆ ವಾಪಸು. ಸಾಲಿನಲ್ಲಿ ಹರಡಿದರೆ ತೇವ ಉಳಿದು, ಮಣ್ಣಿಗೂ ಸ್ವಲ್ಪ ಜಮಾ ಆಗುತ್ತದೆ. ಮುಂದಿನ ಸಲ ಮಣ್ಣು ಪರೀಕ್ಷೆಯ ಚೀಟಿ ಕೈಗೆ ಬಂದಾಗ ಸಾವಯವ ಇಂಗಾಲ ಎಂಬ ಸಾಲನ್ನು ಓದಿ, ಹಳೆಯ ಚೀಟಿಯೊಂದಿಗೆ ಹೋಲಿಸಿ ನೋಡಿ. ಅಂಕಿ ಏರಿದ್ದರೆ ನಿಮ್ಮ ಮಣ್ಣಿಗೂ ಲಾಭ, ಗಾಳಿಯ ಖಾತೆಗೂ ಅಷ್ಟು ಭಾರ ಕಡಿಮೆ.