ಪಿಯಾನೊ ನುಡಿಸಿದ ಮಹಾರಾಜರು
(ಶ್ರೀ ಜಯಚಾಮರಾಜ ಒಡೆಯರ್ ಅವರ ಜೀವನ ಪರಿಚಯ)



ಹಿರಿಯೂರು ತಾಲ್ಲೂಕಿನ ಮಾರಿಕಣಿವೆ ನಮಗೆಲ್ಲ ಗೊತ್ತು. ವೇದಾವತಿ ನದಿಗೆ ಕಟ್ಟಿದ ಆ ಅಣೆಕಟ್ಟಿಗೆ ವಾಣಿವಿಲಾಸ ಸಾಗರ ಅಂತ ಹೆಸರಿದೆ. ವಾಣಿವಿಲಾಸ ಅಂದ್ರೆ ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿಯವರು. ಅವರ ಮೊಮ್ಮಗನೇ ಮೈಸೂರಿನ ಕೊನೆಯ ಮಹಾರಾಜರಾದ ಶ್ರೀ ಜಯಚಾಮರಾಜ ಒಡೆಯರ್. ಅವರ ಹೆಸರು ಯುರೋಪಿನ ಶಾಸ್ತ್ರೀಯ ಸಂಗೀತದ ಚರಿತ್ರೆಯಲ್ಲೂ ಇದೆ ಅನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ಆ ಸಂಗತಿಯನ್ನೇ ಇಲ್ಲಿ ಬರೆಯಲಾಗಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಜಯಚಾಮರಾಜ ಒಡೆಯರ್ ಅವರು 1919ನೇ ಇಸವಿ ಜುಲೈ 18ರಂದು ಮೈಸೂರಿನಲ್ಲಿ ಜನಿಸಿದರು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್. ನಾಲ್ವಡಿ ಕೃಷ್ಣರಾಜ ಒಡೆಯರ್ ಇವರ ದೊಡ್ಡಪ್ಪ. ಅರಮನೆಯಲ್ಲಿ ವೀಣೆಯೂ ಇತ್ತು, ಇಂಗ್ಲಿಷ್ ಬ್ಯಾಂಡೂ ಇತ್ತು. ಹುಡುಗನಿಗೆ ಪಿಯಾನೊ ಹುಚ್ಚು ಹಿಡಿಯಿತು. ಮಹಾರಾಜ ಕಾಲೇಜಿನಲ್ಲಿ ಓದಿ 1938ರಲ್ಲಿ ಪದವಿ ಪಡೆದರು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿಯನ್ನೂ ಗಳಿಸಿದರು. ದೊಡ್ಡ ಪಿಯಾನೊ ವಾದಕನಾಗಬೇಕು ಅನ್ನುವುದು ಅವರ ಆಸೆ.

ಆದರೆ 1940ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ತಂದೆ ತೀರಿಕೊಂಡರು, ದೊಡ್ಡಪ್ಪನವರೂ ತೀರಿಕೊಂಡರು. 21ರ ವಯಸ್ಸಿಗೇ ಸಿಂಹಾಸನ ಏರಬೇಕಾಯಿತು. ಪಿಯಾನೊ ವಾದಕನಾಗುವ ಕನಸು ಅಲ್ಲಿಗೇ ನಿಂತುಹೋಯಿತು.

ಆ ಸಂಗೀತ ಎಂಥದ್ದು?

ಭಜನೆಯಲ್ಲಿ ಬಾರಿಸುವ ಹಾರ್ಮೋನಿಯಂ ನಮ್ಮ ದೇಶಕ್ಕೆ ಯುರೋಪಿನಿಂದ ಬಂದದ್ದು. ಅದರ ಕಪ್ಪು ಬಿಳಿ ಮನೆಗಳು ಪಿಯಾನೊದಲ್ಲೂ ಹಂಗೇ ಇರುತ್ತವೆ. ಆದರೆ ನಮ್ಮ ಸಂಗೀತದಲ್ಲಿ ಶ್ರುತಿ ಹಿಡಿದು ಒಂದೇ ರಾಗದ ಎಳೆಯನ್ನು ಬೆಳೆಸುತ್ತಾರೆ. ಅವರಲ್ಲಿ ಹಲವು ಸ್ವರಗಳು ಒಟ್ಟೊಟ್ಟಿಗೆ ಕೇಳುತ್ತವೆ. ಎಲ್ಲವನ್ನೂ ಮೊದಲೇ ಬರೆದಿಟ್ಟು, ನೋಡಿಕೊಂಡು ನುಡಿಸುತ್ತಾರೆ.

ಆ ಸಂಗೀತವೂ ಕಾಲಕಾಲಕ್ಕೆ ಬದಲಾಗಿದೆ. 1750ರಲ್ಲಿ ತೀರಿಕೊಂಡ ಬಾಖ್ ಅವರ ಕಾಲದಲ್ಲಿ ಅದು ಹೆಚ್ಚಾಗಿ ಚರ್ಚು ಮತ್ತು ಅರಮನೆಗಳಲ್ಲಿ ಇತ್ತು. ಜಡೆ ಹೆಣೆದ ಹಾಗೆ ಎರಡು ಮೂರು ರಾಗದ ಎಳೆಗಳನ್ನು ಹೆಣೆಯುತ್ತಿದ್ದರು. ಆಗ ಹೆಚ್ಚು ಬಳಕೆಯಲ್ಲಿದ್ದ ಹಾರ್ಪ್ಸಿಕಾರ್ಡ್ ವಾದ್ಯದಲ್ಲಿ ತಂತಿಯನ್ನು ಮೀಟುವ ಏರ್ಪಾಡು. ಮೆಲ್ಲಗೆ ಒತ್ತಲಿ, ಜೋರಾಗಿ ಒತ್ತಲಿ, ಸದ್ದು ಹೆಚ್ಚು ಕಡಿಮೆ ಒಂದೇ. 1700ರ ಸುಮಾರಿಗೆ ಇಟಲಿಯ ಕ್ರಿಸ್ಟೊಫೋರಿ ಎಂಬುವರು ತಂತಿಯನ್ನು ಪುಟ್ಟ ಸುತ್ತಿಗೆಯಿಂದ ಹೊಡೆಯುವ ಪಿಯಾನೊ ಮಾಡಿದರು. ಬೆರಳಿನ ಒತ್ತಡಕ್ಕೆ ತಕ್ಕಂತೆ ಸದ್ದು ಏರಿಳಿಯತೊಡಗಿತು.

ಮುಂದೆ ಹೈಡನ್ ಮತ್ತು ಮೊಜಾರ್ಟ್ ಕಾಲ. ಹೆಣಿಗೆ ಕಡಿಮೆಯಾಗಿ, ಒಂದು ಮುಖ್ಯ ರಾಗ ಸ್ಪಷ್ಟವಾಗಿ ಕೇಳುವ ಅಚ್ಚುಕಟ್ಟಾದ ರಚನೆಗಳು ಬಂದವು. ಬೀಥೋವನ್ (1770–1827) ಕಿವುಡರಾದರೂ ಬರೆಯುವುದನ್ನು ಬಿಡಲಿಲ್ಲ. 1824ರಲ್ಲಿ ತಮ್ಮ ಒಂಬತ್ತನೇ ಸಿಂಫನಿಯಲ್ಲಿ ವಾದ್ಯಗಳ ಜೊತೆಗೆ ಹಾಡುವವರ ಮೇಳವನ್ನೇ ಸೇರಿಸಿದರು. ಅವರ ನಂತರ ಬಂದದ್ದು ಭಾವಪ್ರಧಾನ ಯುಗ. ಶೋಪಾನ್, ಶೂಮನ್ ಮುಂತಾದವರು ಮನಸ್ಸಿನ ಸುಖದುಃಖವನ್ನೇ ಸಂಗೀತ ಮಾಡಿದರು. ವಾದ್ಯವೃಂದ ನೂರು ಜನರವರೆಗೂ ಬೆಳೆಯಿತು. ರಾಜರ ಮುಂದೆ ನುಡಿಸುತ್ತಿದ್ದವರು ಟಿಕೆಟ್ಟು ಕೊಂಡು ಬಂದ ಜನರ ಮುಂದೆ ನುಡಿಸತೊಡಗಿದರು.

ಇಪ್ಪತ್ತನೇ ಶತಮಾನದಲ್ಲಿ ಎಲ್ಲ ತಲೆಕೆಳಗಾಯಿತು. ಶೋನ್‌ಬರ್ಗ್ ಎಂಬುವರು ಆಧಾರ ಸ್ವರವನ್ನೇ ಬಿಟ್ಟರು. ಷಡ್ಜವೇ ಇಲ್ಲದೆ ಹಾಡಿದರೆ ಹೇಗಿರುತ್ತೆ, ಯೋಚಿಸಿ ನೋಡಿ! ಹೊಸತನ್ನು ಮೆಚ್ಚಿದವರು ಇದ್ದರು, ಬೈದವರೂ ಇದ್ದರು.

ಮರೆತುಹೋಗಲಿದ್ದ ಮೆಡ್ಟ್ನರ್

ಹಿಂಗೆ ಯುಗ ಬದಲಾದಾಗ ಹಿಂದೆ ಉಳಿದವರ ಗತಿ ಏನು? ನಿಕೊಲಾಯ್ ಮೆಡ್ಟ್ನರ್ ಎಂಬ ರಷ್ಯದ ಸಂಗೀತಗಾರರ ಕಥೆ ಇದೇ. ಅವರು 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದರು. ಎಲ್ಲರೂ ಹೊಸ ದಾರಿ ಹಿಡಿದರೂ ಅವರು ಹಳೆಯ ರೀತಿಯನ್ನು ಬಿಡಲಿಲ್ಲ. ಕ್ರಾಂತಿಯ ನಂತರ 1921ರಲ್ಲಿ ದೇಶ ಬಿಟ್ಟು, ಕೊನೆಗೆ ಲಂಡನ್ನಿನಲ್ಲಿ ನೆಲೆಸಿದರು. ಎರಡನೇ ಮಹಾಯುದ್ಧ ಬಂದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತು. ಹೃದಯದ ಕಾಯಿಲೆ ಬೇರೆ. ಅವರ ಸಂಗೀತವನ್ನು ಕೇಳುವವರೇ ಕಡಿಮೆಯಾಗಿದ್ದರು.

ಆಗ ಕೈ ಹಿಡಿದವರು ನಮ್ಮ ಮಹಾರಾಜರು. ಅವರ ಹಣದ ನೆರವಿನಿಂದ ಮೆಡ್ಟ್ನರ್ ಸೊಸೈಟಿ ಎಂಬ ಹೆಸರಲ್ಲಿ ಗ್ರಾಮಫೋನ್ ಮುದ್ರಣ ಶುರುವಾಯಿತು. 1947ರಲ್ಲಿ ಮೆಡ್ಟ್ನರ್ ತಮ್ಮ ಮೂರು ಪಿಯಾನೊ ಕಾನ್ಸರ್ಟೊಗಳನ್ನೂ ತಾವೇ ನುಡಿಸಿ ಮುದ್ರಿಸಿದರು. ಕಾನ್ಸರ್ಟೊ ಅಂದ್ರೆ ವಾದ್ಯವೃಂದದ ಜೊತೆ ಒಬ್ಬರೇ ಮುಖ್ಯವಾಗಿ ನುಡಿಸುವ ದೊಡ್ಡ ರಚನೆ. ಮೂರನೆಯದನ್ನು ಅವರು ಮೈಸೂರು ಮಹಾರಾಜರಿಗೇ ಅರ್ಪಿಸಿದರು. 1951ರಲ್ಲಿ ಮೆಡ್ಟ್ನರ್ ಕಾಲವಾದರು. ನುಡಿಸಿದ್ದು ಮಾತ್ರ ಉಳಿಯಿತು. ಮುಂದೆ ಸಿ.ಡಿ.ಗಳಾಗಿಯೂ ಬಂತು. ಇನ್ನು ನಾಲ್ಕು ವರ್ಷ ತಡವಾಗಿದ್ದರೆ ನುಡಿಸಲು ಅವರೇ ಇರುತ್ತಿರಲಿಲ್ಲ.

1945ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಫಿಲ್ಹಾರ್ಮೋನಿಯಾ ವಾದ್ಯವೃಂದಕ್ಕೂ ಮಹಾರಾಜರು ನೆರವಾದರು. ಅದರ ಕಛೇರಿ ಸಂಘಕ್ಕೆ ಮೊದಲ ಅಧ್ಯಕ್ಷರೂ ಆದರು. ಜರ್ಮನಿಯ ರಿಚರ್ಡ್ ಸ್ಟ್ರಾಸ್ ಎಂಬ ಹಿರಿಯರು 1948ರಲ್ಲಿ ತಮ್ಮ ಕೊನೆಯ ನಾಲ್ಕು ಹಾಡುಗಳನ್ನು ಬರೆದು, ಮರುವರ್ಷ ಅವನ್ನು ಕೇಳದೆಯೇ ತೀರಿಕೊಂಡರು. ಅವು ಭಾವಪ್ರಧಾನ ಯುಗದ ಮುಳುಗುವ ಹೊತ್ತಿನ ಹಾಡುಗಳು. 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಎಂಬ ಗಾಯಕಿ ಅವುಗಳನ್ನು ಮೊದಲ ಬಾರಿಗೆ ಹಾಡಿದರು. ಆ ಕಛೇರಿಯ ಖರ್ಚಿಗೆ ನೆರವಾದವರೂ ನಮ್ಮ ಮಹಾರಾಜರೇ.

ಇದು ಸರಿಯೇ?

ನಮ್ಮ ಕಡೆ ಮಳೆ ಕೈಕೊಟ್ಟು ಬರ ಬೀಳುತ್ತಿರುತ್ತೆ. ಹಂಗಿರುವಾಗ ಮೈಸೂರಿನ ರಾಜರು ಲಂಡನ್ನಿಗೆ ಹಣ ಕಳಿಸಬಹುದೇ ಅಂತ ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ರಾಜರ ಕಾಲದಲ್ಲಿ ಹಂಗೆ ಕೇಳುವುದು ಸುಲಭವಿರಲಿಲ್ಲ, ಈಗ ಕೇಳಬಹುದು. ಮಾರಿಕಣಿವೆ ಕಟ್ಟಿಸಿದ್ದು ಇದೇ ಮನೆತನ ಅನ್ನುವುದೂ ನಿಜ. ನೀರು ಹೊಟ್ಟೆಗೆ ಬೇಕು, ಹಾಡು ಮನಸ್ಸಿಗೆ ಬೇಕು. ಎರಡನ್ನೂ ಕೂಡಿಡದೆ ಹೋದರೆ ಹರಿದು ಹೋಗುತ್ತವೆ. ಹಾಡಿಗೆ ಖರ್ಚು ಎಷ್ಟಿರಬೇಕು ಅನ್ನುವುದನ್ನು ಪ್ರತಿಯೊಂದು ಕಾಲವೂ ಹೊಸದಾಗಿ ತೀರ್ಮಾನಿಸಬೇಕು.

ಅವರ ಕಾಲವೂ ಬದಲಾಯಿತು

1947ರಲ್ಲಿ ಮೈಸೂರು ಸಂಸ್ಥಾನ ಭಾರತಕ್ಕೆ ಸೇರಿತು. ಮಹಾರಾಜರು 1950ರಲ್ಲಿ ರಾಜಪ್ರಮುಖರಾದರು, 1956ರಲ್ಲಿ ವಿಶಾಲ ಮೈಸೂರು ರಾಜ್ಯದ ರಾಜ್ಯಪಾಲರಾದರು, 1964ರಲ್ಲಿ ಮದರಾಸಿನ ರಾಜ್ಯಪಾಲರಾದರು. ತಾವೇ ಯುಗ ಬದಲಾವಣೆಗೆ ಸಿಕ್ಕರೂ ಜಗಳವಾಡದೆ ಹೊಂದಿಕೊಂಡರು.

ಸಂಗೀತದಲ್ಲೂ ಹಂಗೇ. ಪಿಯಾನೊದಿಂದ ಶುರು ಮಾಡಿದವರು ವೀಣೆ ಕಲಿತರು, ಮೈಸೂರು ವಾಸುದೇವಾಚಾರ್ಯರ ಬಳಿ ಕರ್ನಾಟಕ ಸಂಗೀತದ ಸೂಕ್ಷ್ಮಗಳನ್ನು ತಿಳಿದರು. ಶ್ರೀವಿದ್ಯಾ ಎಂಬ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದರು. ಹೊಸದು ಕಲಿತವರು ಹಳೆಯದನ್ನು ಬಿಡಬೇಕಾಗಿಲ್ಲ ಅಂತ ಅವರು ತೋರಿಸಿಕೊಟ್ಟರು. 1974ರ ಸೆಪ್ಟೆಂಬರ್ 23ರಂದು ಬೆಂಗಳೂರಿನಲ್ಲಿ ನಿಧನರಾದರು.

ಗೆಳೆಯರೇ, ನಮ್ಮ ಕಡೆಯ ಗೊಲ್ಲರಹಟ್ಟಿಗಳಲ್ಲಿ ಗಣೆ ಊದಿ ಜುಂಜಪ್ಪನ ಪದ ಹೇಳುವವರಿದ್ದಾರೆ. ಮದುವೆ ಮನೆಗಳಲ್ಲಿ ಸೋಬಾನೆ ಹೇಳುವ ಅಜ್ಜಿಯರಿದ್ದಾರೆ. ಸಿನಿಮಾ ಹಾಡಿನ ಅಬ್ಬರದಲ್ಲಿ ಇವರೂ ಮೆಡ್ಟ್ನರ್ ಅವರ ಹಾಗೆ ಹಿಂದೆ ಉಳಿದುಬಿಟ್ಟಿದ್ದಾರೆ. ಇವರ ಪದ ಉಳಿಸೋಕೆ ಮಹಾರಾಜರೇ ಬರಬೇಕಾಗಿಲ್ಲ. ಒಂದು ನೋಟ್‌ಬುಕ್ಕು, ಮನೆಯಲ್ಲಿರುವ ಒಂದು ಮೊಬೈಲು ಸಾಕು. ಅಜ್ಜಿ ಇರುವಾಗಲೇ ಕೇಳಿ ಬರೆದುಕೊಳ್ಳೋಣ.