ಬೇರೆಯಾಗದ ಸೀಸ

ಪೆಟ್ ಸ್ಕ್ಯಾನ್ ಬಗ್ಗೆ ಪೋಸ್ಟರ್ ಮಾಡೋಕೆ ಕೂತಾಗ ನಮಗೆ ಒಂದು ಡೌಟು ಬಂತು. ಸ್ಕ್ಯಾನ್‌ನಲ್ಲಿ ಹೊಳೆಯೋದೆಲ್ಲ ಕ್ಯಾನ್ಸರ್ರೇನಾ? ಹುಡುಕ್ತಾ ಹೋದಾಗ ಸಿಕ್ಕವರು ಜಾರ್ಜ್ ದ ಹೆವೆಶಿ.

ಹೆವೆಶಿ ಹುಟ್ಟಿದ್ದು 1885ರಲ್ಲಿ, ಬುಡಾಪೆಸ್ಟ್‌ನಲ್ಲಿ. 1911ರಲ್ಲಿ ಮ್ಯಾಂಚೆಸ್ಟರ್‌ಗೆ, ರುದರ್‌ಫರ್ಡ್ ಅವರ ಲ್ಯಾಬ್‌ಗೆ ಬಂದರು. ಅಲ್ಲಿ ರಾಶಿ ಸೀಸ ಬಿದ್ದಿತ್ತು. ಅದರಲ್ಲಿ ರೇಡಿಯಂ-ಡಿ ಅನ್ನೋ ವಿಕಿರಣಶೀಲ ವಸ್ತು ಬೆರೆತಿತ್ತು. ಅದನ್ನು ಸೀಸದಿಂದ ಬೇರೆ ಮಾಡೋ ಕೆಲಸ ಇವರ ತಲೆಗೆ ಬಿತ್ತು. ಗೊತ್ತಿದ್ದ ವಿಧಾನಗಳನ್ನೆಲ್ಲ ಪ್ರಯೋಗಿಸಿದರು, ಆಗಲಿಲ್ಲ. ಆಗೋದೂ ಇಲ್ಲ, ಯಾಕಂದ್ರೆ ರೇಡಿಯಂ-ಡಿ ಕೂಡ ಸೀಸವೇ, ಅದರದ್ದೇ ಒಂದು ಐಸೊಟೋಪ್. ನಾವಾಗಿದ್ರೆ ಲ್ಯಾಬ್ ರೆಕಾರ್ಡ್‌ನಲ್ಲಿ ಏನೋ ಒಂದು ರೀಡಿಂಗ್ ಬರೆದು ಎದ್ದು ಬರ್ತಿದ್ವಿ.

ಹೆವೆಶಿ ಉಲ್ಟಾ ಯೋಚಿಸಿದರು. ಬೇರೆಯಾಗಲ್ಲ ಅಂದ್ರೆ, ಸೀಸ ಹೋದಲ್ಲೆಲ್ಲ ಇದೂ ಹೋಗಬೇಕು. ಇದರ ವಿಕಿರಣ ಹಿಡಿದರೆ ಸೀಸದ ಜಾಡು ಸಿಕ್ಕಂತೆ. 1913ರಲ್ಲಿ ವಿಯೆನ್ನಾದಲ್ಲಿ ಪಾನೆಟ್ ಜೊತೆ ಸೇರಿ, ನೀರಿನಲ್ಲಿ ಕರಗೋದೇ ಇಲ್ಲ ಅನ್ನಿಸುವ ಸೀಸದ ಲವಣಗಳು ಎಷ್ಟು ಕರಗುತ್ತವೆ ಅಂತ ಹೀಗೇ ಅಳೆದರು. ಟ್ರೇಸರ್ ಹುಟ್ಟಿದ್ದು ಹಾಗೆ. ಉಳಿದ ಊಟವನ್ನೇ ಮತ್ತೆ ಬಡಿಸ್ತಾರೆ ಅನ್ನೋ ಅನುಮಾನದಲ್ಲಿ ತಟ್ಟೆಯಲ್ಲಿ ಬಿಟ್ಟ ಊಟಕ್ಕೆ ವಿಕಿರಣಶೀಲ ವಸ್ತು ಹಾಕಿ ಮನೆ ಓನರಮ್ಮನನ್ನು ಹಿಡಿದ ಕಥೆಯನ್ನೂ ಇವರ ಬಗ್ಗೆ ಹೇಳ್ತಾರೆ. ಹಾಸ್ಟೆಲ್‌ನಲ್ಲಿರೋ ನಮಗೆ ಅದೇ ತುಂಬಾ ಇಷ್ಟ ಆಯ್ತು. (ಮೆಸ್‌ನಲ್ಲಿ ಟ್ರೈ ಮಾಡಬೇಡಿ!)

1923ರಲ್ಲಿ ಬೀನ್ಸ್ ಗಿಡ ಸೀಸವನ್ನು ಹೇಗೆ ಹೀರುತ್ತೆ ಅಂತ ನೋಡಿದರು. 1935ರಲ್ಲಿ ಕೋಪನ್‌ಹೇಗನ್‌ನಲ್ಲಿ ಇಲಿಗಳಿಗೆ ವಿಕಿರಣಶೀಲ ರಂಜಕ ಕೊಟ್ಟು, ಮೂಳೆಯೊಳಗಿನ ರಂಜಕವೂ ಬದಲಾಗ್ತಾ ಇರುತ್ತೆ ಅಂತ ತೋರಿಸಿದರು. 1940ರಲ್ಲಿ ನಾಜಿ ಸೈನ್ಯ ಅಲ್ಲಿಗೆ ಬಂದಾಗ ಇಬ್ಬರು ವಿಜ್ಞಾನಿಗಳ ಚಿನ್ನದ ನೊಬೆಲ್ ಪದಕಗಳನ್ನು ಆಮ್ಲದಲ್ಲಿ ಕರಗಿಸಿ ಬಚ್ಚಿಟ್ಟರು. ಟ್ರೇಸರ್‌ಗಾಗಿ ಇವರಿಗೇ 1943ರ ನೊಬೆಲ್ ಬಂತು. ತೀರಿಕೊಂಡಿದ್ದು 1966ರಲ್ಲಿ.

ಈಗ ನಮ್ಮ ಡೌಟು. ಪೆಟ್ ಸ್ಕ್ಯಾನ್‌ಗೆ ಹೆಚ್ಚಾಗಿ ಬಳಸೋ ಟ್ರೇಸರ್ ಎಫ್‌ಡಿಜಿ. ಅದು ಗ್ಲೂಕೋಸ್‌ನ ವೇಷ ಹಾಕಿದ ಅಣು. ಅದರಲ್ಲಿರೋ ಫ್ಲೋರಿನ್-18ರ ಅರ್ಧಾಯುಷ್ಯ ಸುಮಾರು 110 ನಿಮಿಷ. ಜೀವಕೋಶ ಅದನ್ನು ಗ್ಲೂಕೋಸ್ ಅಂತಲೇ ಒಳಗೆ ಬಿಟ್ಟುಕೊಳ್ಳುತ್ತೆ. ಹಸಿದ ಕ್ಯಾನ್ಸರ್ ಕೋಶ ಜಾಸ್ತಿ ಹೀರುತ್ತೆ, ಸರಿ. ಆದರೆ ಉರಿಯೂತ ಇರೋ ಕಡೆ ಸೋಂಕಿನ ಜೊತೆ ಹೋರಾಡೋ ಬಿಳಿ ರಕ್ತಕಣಗಳೂ ಹೀರುತ್ತವೆ. ಹಾಗಾಗಿ ಟಿಬಿ ಗಂಟೂ ಕ್ಯಾನ್ಸರ್ ಥರಾನೇ ಹೊಳೆಯುತ್ತೆ. ಟಿಬಿ ಇಷ್ಟೊಂದು ಇರೋ ನಮ್ಮ ದೇಶದಲ್ಲಿ ಇದು ಸಣ್ಣ ವಿಷಯ ಅಲ್ಲ. ಎರಡರ ಔಷಧಿಯೇ ಬೇರೆ.

ರೇಡಿಯೇಷನ್ ಚಿಕಿತ್ಸೆ ಆದ ಮೇಲೂ ಆ ಜಾಗ ಉರಿಯೂತದಿಂದ ಹೊಳೀತಿರುತ್ತೆ. ತಲೆ-ಕುತ್ತಿಗೆ ಕ್ಯಾನ್ಸರ್‌ನಲ್ಲಿ ಸಾಮಾನ್ಯವಾಗಿ 12 ವಾರ ಕಾದು ಸ್ಕ್ಯಾನ್ ಮಾಡೋದು ಅದಕ್ಕೇ. ಮೆದುಳಿನ ಗೆಡ್ಡೆಗೆ ಎಫ್‌ಇಟಿ ಅನ್ನೋ ಅಮೈನೋ ಆಮ್ಲದ ಟ್ರೇಸರ್ ಇದೆ, ಉರಿಯೂತದ ಕೋಶಗಳು ಅದನ್ನು ಕಡಿಮೆ ಹೀರುತ್ತವೆ. ಅದೂ ನೂರಕ್ಕೆ ನೂರು ನಂಬೋ ಹಾಗಿಲ್ಲ. ಅನುಮಾನ ಉಳಿದರೆ ಸೂಜಿ ಚುಚ್ಚಿ ಬಯಾಪ್ಸಿ ಮಾಡಲೇಬೇಕು.

ನಮ್ಮ ಪೋಸ್ಟರ್‌ನಲ್ಲಿ ಹೊಳೆಯೋ ಚುಕ್ಕೆ ಪಕ್ಕ ಕ್ಯಾನ್ಸರ್ ಅಂತ ಬರೆದಿದ್ವಿ. ಅದನ್ನ ಅಳಿಸಿ, ಗ್ಲೂಕೋಸ್ ಜಾಸ್ತಿ ಹೀರಿದ ಜಾಗ ಅಂತ ಬರೆದ್ವಿ.